ಅಡಿಗೆಮನೆಯ ಜೀರ್ಣೋದ್ಧಾರ

ದೀಪಾವಳಿ ಬಂದಾಗಲೆಲ್ಲ ಬೈಠಕ್ಕಿನ ಕೋಣೆಗೆ ಬಣ್ಣ ಬಳಿಸುವ ಗೃಹಸ್ಥರು ಅಡಿಗೆಮನೆಯ ಮಾತು ಬಂದೊಡನೆ ‘ಮುಂದಿನ ವರ್ಷ ನೋಡೋಣ’ ಎನ್ನುವುದು ನಮ್ಮಲ್ಲಿ ಹಳೆಯ ವಾಡಿಕೆ. ಅತಿಥಿಗಳ ಕಣ್ಣು ಅಲ್ಲಿಗೆ ಬೀಳುವುದಿಲ್ಲ. ಕಟ್ಟೆಯ ಕಲ್ಲು ಬಿರಿದರೂ ಒಲೆ ಉರಿಯುತ್ತದೆ. ಕಪಾಟಿನ ಕದ ಒಂದೇ ಬಿಜಾಗರಿಯ ಮೇಲೆ ಜೋತಾಡಿದರೂ ಡಬ್ಬಿಗಳು ಒಳಗೇ ಇರುತ್ತವೆ. ಹೀಗೆ ಮುಂದೂಡುತ್ತ ಹತ್ತು ಹದಿನೈದು ವರ್ಷಗಳು ಸರಿದುಹೋಗುತ್ತವೆ. ಕೊನೆಗೊಂದು ದಿನ ಸಿಂಕಿನ ಕೆಳಗಿನ ಹಲಗೆ ಕೊಳೆತು ಕೈಗೆ ಬಂದಾಗ ಮನೆಯ ಯಜಮಾನನು ಪೇಟೆಗೆ ಹೋಗುತ್ತಾನೆ. ಅಲ್ಲಿ ಹೊಳೆಯುವ ಮಾಡ್ಯುಲರ್ ಅಡಿಗೆಮನೆಯ ಬೆಲೆಯನ್ನು ಕೇಳಿ ಒಂದೋ ಹೆದರಿ ಹಿಂದಿರುಗುತ್ತಾನೆ, ಇಲ್ಲವೇ ಸಾಲದ ಕಾಗದಕ್ಕೆ ಸಹಿ ಹಾಕಿ ಬರುತ್ತಾನೆ. ಈ ಎರಡರ ನಡುವೆ ಮೂರನೆಯ ದಾರಿಯೊಂದುಂಟು. ಇದ್ದುದನ್ನು ಉಳಿಸಿಕೊಂಡು, ಕೆಟ್ಟುದನ್ನಷ್ಟೇ ಸರಿಪಡಿಸುವ ಆ ದಾರಿಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ನಾಸಿಕದಲ್ಲಿಯೂ, 2023ರವರೆಗೆ ಔರಂಗಾಬಾದೆಂದು ಕರೆಯಲ್ಪಡುತ್ತಿದ್ದ ಛತ್ರಪತಿ ಸಂಭಾಜಿನಗರದಲ್ಲಿಯೂ ನೆಲಸಿರುವ ನಮ್ಮ ಜನ ಬಗೆಬಗೆಯ ಉದ್ಯೋಗಗಳಲ್ಲಿದ್ದಾರೆ. ಕರಾವಳಿಯಿಂದ ಹೋಟೆಲು ಕೆಲಸಕ್ಕೆ ಬಂದವರಿದ್ದಾರೆ. ಓಝರಿನಲ್ಲಿ 1964ರಲ್ಲಿ ವಿಮಾನ ಕಾರ್ಖಾನೆ ಪ್ರಾರಂಭವಾದ ಮೇಲೆ ಬೆಂಗಳೂರಿನಿಂದ ವರ್ಗವಾಗಿ ಬಂದವರಿದ್ದಾರೆ. ಸಾತಪುರ, ಅಂಬಡ, ವಾಳೂಜಗಳ ಕಾರ್ಖಾನೆಗಳಲ್ಲಿ ಗುಮಾಸ್ತರಾಗಿರುವವರಿದ್ದಾರೆ. ಮರಾಠವಾಡೆಯೂ ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳೂ 1956ರ ನವೆಂಬರ್ 1ರವರೆಗೆ ಒಂದೇ ಹೈದರಾಬಾದು ಸಂಸ್ಥಾನದಲ್ಲಿದ್ದವಾದುದರಿಂದ, ಆ ಕಡೆಯಿಂದ ಬಂದವರಿಗೆ ಸಂಭಾಜಿನಗರವು ಹೊರನಾಡೆಂದೂ ತೋರುವುದಿಲ್ಲ. 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯು ಮುಂದೆ ಈ ಎರಡೂ ಊರುಗಳಲ್ಲಿ ಕಟ್ಟಿದ ಬಡಾವಣೆಗಳ ಚಿಕ್ಕ ಮನೆಗಳಲ್ಲಿ ಅನೇಕರು ಸಂಸಾರ ಹೂಡಿದ್ದಾರೆ. ಅಂತಹ ಮನೆಗಳ ಅಡಿಗೆಮನೆಯ ಚಿತ್ರ ವಾಚಕರಿಗೆ ಪರಿಚಿತವೇ ಆಗಿದೆ: ಗೋಡೆಗೆ ಒರಗಿಸಿದ ಕಪ್ಪು ಕಡಪ್ಪ ಕಲ್ಲಿನ ಕಟ್ಟೆ, ಅದರ ಕೆಳಗೆ ಕಡಪ್ಪದವೇ ಎರಡು ಮೂರು ಅಡ್ಡಹಲಗೆಗಳು, ಮೂಲೆಯಲ್ಲಿ ಮೋರಿ, ಗೋಡೆಗೆ ತೂಗಹಾಕಿದ ಸ್ಟೀಲು ಮಾಂಡಣಿ. ಮರಾಠಿಯವರು ‘ಓಟಾ’ ಎಂದು ಕರೆಯುವ ಈ ಕಟ್ಟೆಯೇ ಇಂದಿನ ನಮ್ಮ ವಿಷಯ.

ಹೋಟೆಲಿನಲ್ಲಿ ದಿನವೆಲ್ಲ ದುಡಿಯುವ ನಮ್ಮ ಬಂಧುಗಳು ಅಲ್ಲಿಯ ಸ್ಟೀಲು ಮೇಜನ್ನು ಗಳಿಗೆಗೊಮ್ಮೆ ಒರೆಸುತ್ತಾರೆ. ಬಟ್ಟಲು ಎಲ್ಲಿರಬೇಕು, ಸೌಟು ಎಲ್ಲಿರಬೇಕು ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲರು. ಆದರೆ ಅದೇ ಗೃಹಸ್ಥನ ಮನೆಯಲ್ಲಿ ಗೃಹಿಣಿಯು ಮೊಣಕಾಲೆತ್ತರಕ್ಕಿಂತ ತುಸುವೇ ಮೇಲಿರುವ ಕಟ್ಟೆಗೆ ಬಗ್ಗಿ ಮೂರು ಹೊತ್ತು ಅಡಿಗೆ ಮಾಡುತ್ತಿರುವುದುಂಟು. ಅನ್ಯರ ಅಡಿಗೆಮನೆಯಲ್ಲಿ ಕಲಿತ ವಿದ್ಯೆಯು ಸ್ವಂತ ಅಡಿಗೆಮನೆಗೆ ಬಾರದಿದ್ದರೆ ಅದರಿಂದ ನಷ್ಟ ಯಾರಿಗೆ?

ಮೊದಲು ಯಾರನ್ನು ಕೇಳಬೇಕು?

ಕೆಲಸಕ್ಕೆ ಕೈ ಹಾಕುವ ಮುನ್ನ ಗವಂಡಿಯನ್ನಾಗಲಿ ಬಡಗಿಯನ್ನಾಗಲಿ ಕರೆಯಬೇಕಾಗಿಲ್ಲ. ಆ ಕಟ್ಟೆಯ ಮುಂದೆ ನಿಲ್ಲುವವರನ್ನು ಕೇಳಬೇಕು. ಅಲ್ಲಿ ನಿಲ್ಲುವವರು ತಾಯಿಯೋ, ಹೆಂಡತಿಯೋ, ಅಥವಾ ನಾಲ್ವರು ಹೋಟೆಲು ಹುಡುಗರು ಕೂಡಿ ಹಿಡಿದ ಕೋಣೆಯಲ್ಲಿ ಸರದಿಯ ಮೇಲೆ ಬೇಯಿಸುವ ತಮ್ಮನೋ ಆಗಿರಬಹುದು. ನೋವು ಎಲ್ಲಿ, ಸೊಂಟದಲ್ಲೋ ಭುಜದಲ್ಲೋ? ಎಷ್ಟು ಸಲ ಸ್ಟೂಲು ಹತ್ತಬೇಕಾಗುತ್ತದೆ? ಪಾತ್ರೆ ತೊಳೆದ ನೀರು ಎಲ್ಲಿ ಹರಿಯುತ್ತದೆ? ಈ ಮೂರು ಪ್ರಶ್ನೆಗಳ ಉತ್ತರವನ್ನು ಕಾಗದದ ಮೇಲೆ ಬರೆದುಕೊಂಡರೆ ಅರ್ಧ ಯೋಜನೆ ಸಿದ್ಧವಾದಂತೆಯೇ.

ಇದು ಹೊಸ ವಿಚಾರವೇನೂ ಅಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಮಿಕರಿಗಾಗಿ ಅಗ್ಗದ ಮನೆಗಳನ್ನು ಕಟ್ಟುವಾಗ, 1926ರಲ್ಲಿ ಮಾರ್ಗರೇಟೆ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ಶಿಲ್ಪಿಣಿ ಆ ಮನೆಗಳ ಅಡಿಗೆಮನೆಯನ್ನು ರಚಿಸಿಕೊಟ್ಟರು. ಗೃಹಿಣಿಯು ಒಂದು ಕೆಲಸದಿಂದ ಇನ್ನೊಂದಕ್ಕೆ ಇಡುವ ಹೆಜ್ಜೆಗಳನ್ನೂ ತಗಲುವ ಹೊತ್ತನ್ನೂ ಲೆಕ್ಕ ಹಾಕಿ, ರೈಲುಗಾಡಿಯ ಊಟದ ಡಬ್ಬಿಯಲ್ಲಿರುವ ಪುಟ್ಟ ಅಡಿಗೆಮನೆಯನ್ನು ಮಾದರಿಯಾಗಿಟ್ಟುಕೊಂಡು, ಸುಮಾರು ಆರೂವರೆ ಚದರ ಮೀಟರಿನ ಜಾಗದಲ್ಲಿ ಎಲ್ಲವನ್ನೂ ಕೈಗೆಟಕುವಂತೆ ಜೋಡಿಸಿದರು. ಅಂತಹ ಸುಮಾರು 10,000 ಅಡಿಗೆಮನೆಗಳು ಆ ಊರಿನಲ್ಲಿ ನಿರ್ಮಾಣವಾದವು. ಇಂದು ದುಬಾರಿ ಬೆಲೆಗೆ ಮಾರುವ ಮಾಡ್ಯುಲರ್ ಅಡಿಗೆಮನೆಗೆ ಮೂಲಪುರುಷನಿದ್ದರೆ ಅದು ಬಡವರಿಗಾಗಿ ಕಟ್ಟಿದ ಈ ಅಡಿಗೆಮನೆಯೇ. ಅದರ ತಿರುಳು ಇರುವುದು ಹೆಜ್ಜೆಯ ಲೆಕ್ಕದಲ್ಲಿಯೇ ಹೊರತು ಹೊಳಪಿನಲ್ಲಿ ಅಲ್ಲ. ಸಾಮಾನು ತೆಗೆಯುವುದು, ತೊಳೆಯುವುದು, ಹೆಚ್ಚುವುದು, ಬೇಯಿಸುವುದು ಎಂಬ ಕ್ರಮದಲ್ಲಿ ಜಾಗಗಳು ಸಾಲಾಗಿರಬೇಕೆಂಬುದನ್ನು ನಮ್ಮ ಹೋಟೆಲು ಬಂಧುಗಳಿಗೆ ಬೇರೆ ಹೇಳಬೇಕಾಗಿಲ್ಲ.

ಎತ್ತರದ ವಿಷಯದಲ್ಲಿ ಒಂದು ಸುಲಭ ಅಳತೆಯಿದೆ. ಅಡಿಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈ ಮಡಿಸಲಿ. ಮೊಣಕೈಯಿಂದ ನಾಲ್ಕರಿಂದ ಆರು ಅಂಗುಲ ಕೆಳಗೆ ಕಟ್ಟೆಯ ಮೇಲ್ಮೈ ಇರಬೇಕು. ಐದಡಿ ಎತ್ತರದ ಹೆಂಗಸಿಗೆ ಇದು ನೆಲದಿಂದ ಸುಮಾರು 32ರಿಂದ 34 ಅಂಗುಲವಾಗುತ್ತದೆ. ಹಳೆಯ ಕಟ್ಟೆ 28 ಅಂಗುಲವಿದ್ದರೆ ಪ್ರತಿದಿನವೂ ಸೊಂಟ ಬಗ್ಗಲೇಬೇಕು. ಕಟ್ಟೆಯನ್ನು ಒಡೆಯದೆಯೂ ಇದಕ್ಕೆ ಉಪಾಯವುಂಟು. ಹೆಚ್ಚುವ ಸ್ಥಳದಲ್ಲಿ ಮೂರು ನಾಲ್ಕು ಅಂಗುಲ ಎತ್ತರದ ಗಟ್ಟಿ ಮರದ ಮಣೆಯೊಂದನ್ನು ಅಲುಗಾಡದಂತೆ ಕೂರಿಸಿದರೆ ಸಾಕು. ಒಲೆಯು ಸ್ವತಃ ಕೆಲವು ಅಂಗುಲ ಎತ್ತರವಿರುವುದರಿಂದ ಆ ಭಾಗ ತಗ್ಗಾಗಿದ್ದರೂ ಬಾಧಕವಿಲ್ಲ.

ಕಲ್ಲಿನ ಕುಲಗೋತ್ರ

ಕಟ್ಟೆಗೆ ಯಾವ ಕಲ್ಲು ಎಂಬ ಪ್ರಶ್ನೆಗೆ ಉತ್ತರ ಕೊಡುವ ಮುನ್ನ ಕಲ್ಲಿನ ಕುಲವನ್ನು ಅರಿಯುವುದು ಅವಶ್ಯ. ನಾಸಿಕ ಮತ್ತು ಸಂಭಾಜಿನಗರಗಳ ಕಾಲಡಿಯಲ್ಲಿರುವುದು ದಖ್ಖನಿನ ಕರಿಕಲ್ಲು. ಅದನ್ನೇ ಮೇಲಿನಿಂದ ಕೆಳಕ್ಕೆ ಕೊರೆದು ರಾಷ್ಟ್ರಕೂಟರ ಕಾಲದಲ್ಲಿ, ಎಂಟನೆಯ ಶತಮಾನದ ಒಂದನೆಯ ಕೃಷ್ಣನ ಆಳ್ವಿಕೆಯಲ್ಲಿ, ವೇರೂಳದ ಕೈಲಾಸವನ್ನು ಬಿಡಿಸಿದರು. ಆದರೆ ದೇವಾಲಯವಾಗಬಲ್ಲ ಆ ಕಲ್ಲು ಅಡಿಗೆಕಟ್ಟೆಯಾಗಲಾರದು. ಏಕೆಂದರೆ ಕರಗಿದ ಲಾವಾರಸ ಗಟ್ಟಿಯಾಗಿ ಹುಟ್ಟಿದ ಆ ಕಲ್ಲು ತೆಳುವಾದ ಹಾಳೆಗಳಾಗಿ ಸೀಳುವುದಿಲ್ಲ. ಚಪ್ಪಡಿಗೆ ಬೇಕಾದುದು ಪದರು ಪದರಾಗಿ ಕೂಡಿದ ಸುಣ್ಣಕಲ್ಲು. ಅದು ಆಂಧ್ರದ ಕಡಪದಿಂದ, ರಾಜಸ್ಥಾನದ ಕೋಟಾದಿಂದ, ನಮ್ಮ ಕಲಬುರ್ಗಿ ಜಿಲ್ಲೆಯ ಶಹಾಬಾದಿನಿಂದ ಇಲ್ಲಿಗೆ ಬರುತ್ತದೆ. ಮಹಾರಾಷ್ಟ್ರದ ಅಸಂಖ್ಯ ಮನೆಗಳ ನೆಲಕ್ಕೆ ಹಾಸಿರುವ ‘ಶಹಾಬಾದಿ ಫರ್ಶಿ’ ಕನ್ನಡ ನೆಲದ ಕಲ್ಲೆಂಬುದನ್ನು ಅದರ ಮೇಲೆ ನಡೆದಾಡುವ ನಮ್ಮವರೇ ಅನೇಕರು ಅರಿಯರು.

ಈ ಕುಲಗೋತ್ರದ ವಿಚಾರ ಕೇವಲ ಕುತೂಹಲಕ್ಕಲ್ಲ. ಇದರಿಂದ ಹಣ ಉಳಿಯುತ್ತದೆ. ಕಡಪ್ಪ, ಕೋಟಾ, ಶಹಾಬಾದಿ ಮೂರೂ ಸುಣ್ಣಕಲ್ಲುಗಳಾದುದರಿಂದ ಹುಳಿಯೇ ಅವುಗಳ ವೈರಿ. ನಿಂಬೆರಸ, ಹುಣಿಸೆಹುಳಿ, ಮಜ್ಜಿಗೆ ಚೆಲ್ಲಿ ಹಾಗೆಯೇ ಬಿಟ್ಟರೆ ಹೊಳಪು ಹೋಗಿ ಬಿಳಿಯ ಕಲೆ ನಿಲ್ಲುತ್ತದೆ. ಬಾವಿನೀರಿನ ಉಪ್ಪು ಕೂತು ಬೆಳ್ಳಗಾದ ಕಟ್ಟೆಯನ್ನು ಪಾಯಿಖಾನೆ ತೊಳೆಯುವ ಆಸಿಡ್ಡಿನಿಂದ ಉಜ್ಜುವುದು ಅನೇಕರ ಅಭ್ಯಾಸ. ಅದು ಕಲೆಯ ಜೊತೆಗೆ ಕಲ್ಲನ್ನೂ ತಿನ್ನುತ್ತದೆ. ಗ್ರಾನೈಟು ಬೇರೆ ಕುಲದ್ದು. ನಿಂಬೆಯಾಗಲಿ ಹುಣಿಸೆಯಾಗಲಿ ಅದಕ್ಕೆ ಏನೂ ಮಾಡವು. ಆದುದರಿಂದ ಅಂಗಡಿಯವನು ‘ಇದು ಕಪ್ಪು ಗ್ರಾನೈಟು’ ಎಂದು ಚಪ್ಪಡಿ ತೋರಿಸಿದಾಗ ಅದರ ಒಂದು ಚೂರನ್ನು ಕೇಳಿ ತಂದು, ನಾಲ್ಕು ಹನಿ ನಿಂಬೆರಸ ಹಾಕಿ ಅರ್ಧ ಗಂಟೆ ಬಿಟ್ಟು ಒರೆಸಿ ನೋಡಬೇಕು. ಮಂಕಾದರೆ ಅದು ಗ್ರಾನೈಟಲ್ಲ. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಬಿಳಿಯ ಬಟ್ಟೆಯನ್ನು ಅದ್ದಿ ಉಜ್ಜಿದಾಗ ಬಟ್ಟೆಗೆ ಕಪ್ಪು ಹತ್ತಿದರೆ, ಬಣ್ಣ ಹಚ್ಚಿದ ಕಲ್ಲೆಂದು ತಿಳಿಯಬೇಕು.

ಕಟ್ಟೆಯನ್ನು ಉಳಿಸಿಕೊಳ್ಳುವ ಬಗೆ

ಕಟ್ಟೆಯನ್ನು ಮೂರು ರೀತಿಯಲ್ಲಿ ಪರೀಕ್ಷಿಸಬೇಕು. ಕೆಳಗೆ ಬಗ್ಗಿ ದೀಪ ಹಿಡಿದು ಬಿರುಕು ಮೇಲಿನಿಂದ ಕೆಳಗಿನವರೆಗೆ ಹೋಗಿದೆಯೇ ನೋಡಬೇಕು. ಅಂಗೈಯಿಂದ ಒತ್ತಿ ಕಲ್ಲು ಅಲುಗುತ್ತದೆಯೇ ನೋಡಬೇಕು. ಗೋಡೆ ಮತ್ತು ಕಲ್ಲಿನ ಸಂದಿಗೆ ನೀರು ಸುರಿದು ಅದು ಎಲ್ಲಿ ಇಳಿಯುತ್ತದೆಂದು ಕಾಯಬೇಕು. ಬಿರುಕು ಸಾಮಾನ್ಯವಾಗಿ ಸಿಂಕಿಗಾಗಿ ಕೊರೆದ ರಂಧ್ರದ ಮೂಲೆಯಿಂದಲೇ ಪ್ರಾರಂಭವಾಗುತ್ತದೆ. ಅಥವಾ ತೆಂಗಿನಕಾಯಿ ಒಡೆಯುವ, ಶುಂಠಿ ಬೆಳ್ಳುಳ್ಳಿ ಕುಟ್ಟುವ ಜಾಗದಲ್ಲಿ, ಕೆಳಗೆ ಆಧಾರವಿಲ್ಲದೆಡೆ, ಕಾಣಿಸಿಕೊಳ್ಳುತ್ತದೆ.

ಕಲ್ಲು ಅಲುಗದೆ ಬಿರುಕು ಮಾತ್ರ ಇದ್ದರೆ ಹೊಸ ಕಲ್ಲು ಬೇಕಾಗಿಲ್ಲ. ಬಿರುಕನ್ನು ಚೊಕ್ಕಟಗೊಳಿಸಿ ಒಣಗಿಸಿ, ಕಲ್ಲಿಗೆ ಹಾಕುವ ಎಪಾಕ್ಸಿ ಅಂಟಿಗೆ ಕಪ್ಪು ಬಣ್ಣ ಬೆರೆಸಿ ತುಂಬಬೇಕು. ಬಿರುಕಿನ ಕೆಳಗೆ ಇಟ್ಟಿಗೆಯ ಚಿಕ್ಕ ಕಂಬವನ್ನೋ ಕಬ್ಬಿಣದ ಕೋನಪಟ್ಟಿಯನ್ನೋ ಕೊಡಬೇಕು. ಆಧಾರ ಕೊಡದೆ ಬರೇ ಅಂಟು ತುಂಬಿದರೆ ಆರು ತಿಂಗಳಲ್ಲಿ ಮತ್ತೆ ಬಾಯಿ ಬಿಡುತ್ತದೆ. ಮಂಕಾದ ಕಡಪ್ಪವನ್ನು ನೆಲ ಪಾಲಿಶ್ ಮಾಡುವವರಿಂದ ಒಂದು ಸಲ ತಿಕ್ಕಿಸಿ, ಒಣಗಿದ ಮೇಲೆ ತೆಂಗಿನೆಣ್ಣೆಯನ್ನು ತೆಳುವಾಗಿ ಸವರಿ ಒರೆಸಿದರೆ ಕಳೆದುಹೋದ ಕಪ್ಪು ಹಿಂದಿರುಗುತ್ತದೆ.

ಕಲ್ಲು ತೀರ ಹಾಳಾಗಿದ್ದರೂ ಅಡಿಯ ಆಧಾರ ಭದ್ರವಾಗಿದ್ದರೆ, ಹಳೆಯ ಕಲ್ಲನ್ನು ಒಡೆಯದೆ ಅದರ ಮೇಲೆಯೇ ಗ್ರಾನೈಟನ್ನು ಹಾಸಬಹುದು. ಒಡೆಯುವ ಕೂಲಿ, ಚೂರುಗಳನ್ನು ಹೊರಿಸುವ ಕೂಲಿ ಎರಡೂ ಉಳಿಯುತ್ತವೆ. ತಗ್ಗಾದ ಕಟ್ಟೆ ಮುಕ್ಕಾಲು ಅಂಗುಲದಷ್ಟು ಏರುತ್ತದೆ. ಆದರೆ ಎರಡು ಎಚ್ಚರಿಕೆಗಳುಂಟು. ನುಣುಪಾದ ಕಲ್ಲಿನ ಮೇಲೆ ಬರೇ ಸಿಮೆಂಟು ಹಿಡಿಯುವುದಿಲ್ಲ. ಹಳೆಯ ಮೇಲ್ಮೈಯನ್ನು ಚಾಣದಿಂದ ಒರಟು ಮಾಡಿ, ಕಲ್ಲಿಗೂ ಟೈಲಿಗೂ ಬಳಸುವ ಅಂಟಿನಿಂದಲೇ ಕೂರಿಸಬೇಕು. 18 ಮಿಲಿಮೀಟರು ದಪ್ಪದ ಗ್ರಾನೈಟು ಚದರ ಅಡಿಗೆ ಸುಮಾರು ನಾಲ್ಕೂವರೆ ಕಿಲೊ ತೂಗುವುದರಿಂದ, ಏಳಡಿ ಉದ್ದ ಎರಡಡಿ ಅಗಲದ ಕಟ್ಟೆಯ ಮೇಲೆ 63 ಕಿಲೊ ಹೊಸ ಭಾರ ಬೀಳುತ್ತದೆಂಬುದನ್ನೂ ಮರೆಯಬಾರದು.

ಏಳಡಿಗೆ ಎರಡಡಿಯೆಂದರೆ ಒಟ್ಟು 14 ಚದರ ಅಡಿ ಮಾತ್ರ. ಇಷ್ಟಕ್ಕೆ ಇಡೀ ಚಪ್ಪಡಿಯನ್ನು ಕೊಳ್ಳುವುದು ಅವಿವೇಕ. ದೊಡ್ಡ ಬಂಗಲೆಗಳ ಕೆಲಸದಲ್ಲಿ ಉಳಿದ ತುಂಡುಗಳು ಕಲ್ಲಿನ ಅಂಗಡಿಗಳ ಹಿತ್ತಿಲಲ್ಲಿ ಬಿದ್ದಿರುತ್ತವೆ. ಬಣ್ಣಕ್ಕೆ ಹಟ ಹಿಡಿಯದೆ ಅಳತೆಗೆ ಹೊಂದುವುದನ್ನು ಆರಿಸಿದರೆ ಬೆಲೆ ಬಹಳ ಇಳಿಯುತ್ತದೆ. ಸಿಂಕಿಗಾಗಿ ಕೊರೆದು ತೆಗೆದ ತುಂಡನ್ನೂ ಅಲ್ಲಿಯೇ ಬಿಟ್ಟು ಬರಬಾರದು. ಅಂಚು ತಿಕ್ಕಿಸಿದರೆ ಅದೇ ಚಪಾತಿ ಲಟ್ಟಿಸುವ ಕಲ್ಲಾಗುತ್ತದೆ.

ಸ್ಟೀಲಿನ ವಿಚಾರ ಹೋಟೆಲು ಬಂಧುಗಳಿಗೆ ತಿಳಿದುದೇ. ಬಾಗಿಲು ಮುಚ್ಚಿದ ಹೋಟೆಲಿನ ಮೇಜು, ಸಿಂಕುಗಳು ಹಳೆಯ ಸಾಮಾನಿನ ಅಂಗಡಿಗಳಿಗೆ ಬರುವುದುಂಟು. ಮನೆಯ ಕಟ್ಟೆಗೆ ಅಂತಹ ಗಟ್ಟಿ ಮೇಜೊಂದು ಸಿಕ್ಕರೆ ಭಾಗ್ಯವೇ ಸರಿ. ಆದರೆ ‘ಅಯಸ್ಕಾಂತ ಅಂಟದಿದ್ದರೆ ಉತ್ತಮ ಸ್ಟೀಲು’ ಎಂಬ ಮಾತಿಗೆ ಮರುಳಾಗಬಾರದು. 304 ಎಂಬ ಉತ್ತಮ ತರಗತಿಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಕ್ರೋಮಿಯಮ್ಮೂ 8 ನಿಕ್ಕಲ್ಲೂ ಇರುತ್ತವೆ. ನಿಕ್ಕಲ್ಲು ಕಡಿಮೆ ಹಾಕಿದ 202 ಎಂಬ ಅಗ್ಗದ ತರಗತಿಗೂ ಅಯಸ್ಕಾಂತ ಅಂಟುವುದಿಲ್ಲ, ಉಪ್ಪುನೀರಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ. ಮುದ್ರೆಯನ್ನೂ ರಸೀದಿಯನ್ನೂ ನೋಡಿ ಕೊಳ್ಳುವುದೇ ಲೇಸು.

ಕಪಾಟುಗಳು

ಕಪಾಟು ಹಾಳಾಗಿದೆ ಎನ್ನುವವರ ಮನೆಯಲ್ಲಿ ಬಹುಪಾಲು ಹಾಳಾಗಿರುವುದು ಕದಗಳು. ಒಡಲು ಗಟ್ಟಿಯಾಗಿಯೇ ಇರುತ್ತದೆ. ಕಡಪ್ಪ ಕಟ್ಟೆಯ ಕೆಳಗಿನ ನಿಲುವುಗಲ್ಲುಗಳೇ ಕಪಾಟಿನ ಒಡಲು. ಅದಕ್ಕೆ ಗೆದ್ದಲೂ ಇಲ್ಲ, ಕೊಳೆಯೂ ಇಲ್ಲ. ಮುಂದುಗಡೆ ಅಲ್ಯೂಮಿನಿಯಂ ಚೌಕಟ್ಟಿನ ಕದಗಳನ್ನಷ್ಟೇ ಕೂರಿಸಿದರೆ, ಅಥವಾ ನಿಲುವುಗಲ್ಲುಗಳ ನಡುವೆ ಒಂದೆರಡು ಸ್ಟೀಲಿನ ಟ್ರಾಲಿಗಳನ್ನು ಜೋಡಿಸಿದರೆ ಹೊಸ ಕಪಾಟೇ ಆಯಿತು. ಅದಕ್ಕೂ ಹಣ ಸಾಲದಿದ್ದರೆ ಒಗೆದು ಹಾಕಬಹುದಾದ ಗಟ್ಟಿ ಬಟ್ಟೆಯ ಪರದೆ ಸಾಕು. ಅದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ. ಒಲೆಯ ಪಕ್ಕದಲ್ಲಿ ಮಾತ್ರ ಪರದೆ ಕೂಡದು.

ಮರದ ಕದ ಜೋತುಬಿದ್ದಿದ್ದರೆ ಸ್ಕ್ರೂ ತಿರುಗಿದ ತೂತು ಅಗಲವಾಗಿದೆಯೆಂದು ಅರ್ಥ. ಮರದ ಕಡ್ಡಿಯ ಚೂರುಗಳನ್ನು ಫೆವಿಕಾಲಿನಲ್ಲಿ ಅದ್ದಿ ಆ ತೂತಿಗೆ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಅದೇ ಸ್ಕ್ರೂವನ್ನು ಮತ್ತೆ ತಿರುಗಿಸಿದರೆ ಕದ ನೆಟ್ಟಗೆ ನಿಲ್ಲುತ್ತದೆ. ಬಣ್ಣ ಬಳಿಯುವುದಾದರೆ ಮೊದಲು ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಬೆರೆಸಿ ವರ್ಷಗಳ ಜಿಡ್ಡನ್ನು ತೊಳೆದು ಒಣಗಿಸಿ, ಮರಳುಕಾಗದದಿಂದ ಉಜ್ಜಿ, ಪ್ರೈಮರು ಹಚ್ಚಿ, ಅನಂತರ ಎರಡು ಕೈ ಎನಾಮೆಲ್ಲು ಬಳಿಯಬೇಕು. ಜಿಡ್ಡಿನ ಮೇಲೆ ಬಳಿದ ಬಣ್ಣ ಮಳೆಗಾಲ ಮುಗಿಯುವುದರೊಳಗೆ ಸಿಪ್ಪೆ ಸುಲಿಯುತ್ತದೆ. ರವಿವಾರದ ರಜೆಯಲ್ಲಿ ಈ ಕೆಲಸವನ್ನು ಗುಮಾಸ್ತ ಬಂಧುಗಳೂ ಸ್ವತಃ ಮಾಡಬಲ್ಲರು.

ಹೊಸ ಹಲಗೆ ಕೊಳ್ಳಲೇಬೇಕಾದರೆ ಎಲ್ಲಿ ಯಾವುದು ಎಂಬ ವಿವೇಚನೆ ಬೇಕು. ನೀರಿನಲ್ಲಿ ಕುದಿಸಿದರೂ ಪದರು ಬಿಡದ ‘ಮರೀನ್’ ಪ್ಲೈವುಡ್ಡಿಗೆ ಐ.ಎಸ್. 710 ಎಂಬ ಮುದ್ರೆಯಿರುತ್ತದೆ. ಸಾಧಾರಣ ಬಳಕೆಯ ಪ್ಲೈವುಡ್ಡಿಗೆ ಐ.ಎಸ್. 303. ಸಿಂಕಿನ ಕೆಳಗೂ ಮೋರಿಯ ಪಕ್ಕದಲ್ಲೂ ಮರೀನನ್ನೇ ಹಾಕಬೇಕು. ಮೇಲಿನ ಒಣ ಕಪಾಟುಗಳಿಗೆ ಸಾಧಾರಣದ್ದು ಸಾಕು. ಮರದ ಪುಡಿ ಒತ್ತಿ ಮಾಡಿದ ಹಲಗೆ ಅಗ್ಗವೆಂದು ತಂದರೆ, ನೀರು ತಗುಲಿದ ಕಡೆ ಉಬ್ಬಿ ಹಪ್ಪಳವಾಗುತ್ತದೆ. ಎಂಟಡಿಗೆ ನಾಲ್ಕಡಿಯ ಒಂದು ಹಾಳೆಯೆಂದರೆ 32 ಚದರ ಅಡಿ. ಬೇಕಾದ ತುಂಡುಗಳನ್ನೆಲ್ಲ ಮೊದಲೇ ಕಾಗದದ ಮೇಲೆ ಜೋಡಿಸಿ ನೋಡಿದರೆ ಎರಡು ಹಾಳೆಯ ಕೆಲಸ ಒಂದರಲ್ಲಿ ಮುಗಿಯಬಹುದು. ನೀರು ಹಲಗೆಯ ಮುಖದಿಂದ ಒಳನುಗ್ಗುವುದಿಲ್ಲ, ಅಂಚಿನಿಂದ ನುಗ್ಗುತ್ತದೆ. ಆದುದರಿಂದ ನಾಲ್ಕೂ ಅಂಚುಗಳಿಗೆ ಪಟ್ಟಿ ಅಂಟಿಸದೆ ಬಡಗಿಯನ್ನು ಬಿಟ್ಟುಕೊಡಬಾರದು. ಕಪಾಟಿನ ತಳ ನೆಲದಿಂದ ನಾಲ್ಕು ಅಂಗುಲ ಮೇಲಿದ್ದರೆ ನೆಲ ತೊಳೆಯುವ ನೀರೂ ಗೆದ್ದಲೂ ದೂರ.

ಅನಿಲ ಮತ್ತು ನೀರು

ಕಟ್ಟೆಯ ಕೆಳಗೆ ಅನಿಲದ ಸಿಲಿಂಡರನ್ನಿಟ್ಟು ಅದರ ಮುಂದೆ ಚೆಂದದ ಕದ ಕೂರಿಸುವವರು ಒಂದು ವಿಷಯ ತಿಳಿದಿರಬೇಕು. ಅಡಿಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ಮೇಲೆ ಹಾರಿಹೋಗದೆ ನೆಲದ ಮಟ್ಟದಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ. ಮುಚ್ಚಿದ ಕಪಾಟಿನೊಳಗೆ ಹಾಗೆ ತುಂಬಿದ ಅನಿಲಕ್ಕೆ ಒಂದು ಕಿಡಿ ಸಾಕು. ಆದುದರಿಂದ ಸಿಲಿಂಡರಿನ ಗೂಡಿಗೆ ಕದ ಹಾಕಿದರೆ ಅದರ ತಳಭಾಗದಲ್ಲಿ ಗಾಳಿ ಹೊರಹೋಗುವ ಕಂಡಿಗಳಿರಲೇಬೇಕು. ಸಿಲಿಂಡರು ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ರಬ್ಬರು ನಳಿಗೆಯನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಸೋರಿಕೆಯ ಸಂಶಯ ಬಂದರೆ ದೂರವಾಣಿ 1906ಕ್ಕೆ ತಿಳಿಸಬೇಕು. ಅಂದಚೆಂದದ ಸಲುವಾಗಿ ಜೀವಕ್ಕೆ ಎರವಾಗುವುದು ಯಾವ ಉಳಿತಾಯವೂ ಅಲ್ಲ.

ನಾಸಿಕಕ್ಕೆ ಗಂಗಾಪುರ ಅಣೆಕಟ್ಟಿನಿಂದಲೂ ಸಂಭಾಜಿನಗರಕ್ಕೆ ಪೈಠಣದ ಜಾಯಕವಾಡಿಯಿಂದಲೂ ಒಂದೇ ಗೋದಾವರಿಯ ನೀರು ಬರುತ್ತದೆ. ಆದರೆ ಸಂಭಾಜಿನಗರದ ಅನೇಕ ಬಡಾವಣೆಗಳು ಹಲವು ವರ್ಷಗಳ ಕಾಲ ನಲ್ಲಿಯ ನೀರನ್ನು ಹಲವು ದಿನಗಳಿಗೊಮ್ಮೆ ಕಂಡಿವೆ. ಅಂತಹ ಊರಿನಲ್ಲಿ ಅಡಿಗೆಮನೆಯ ನಕಾಶೆಯನ್ನು ಪೀಪಾಯಿಯಿಂದಲೇ ಪ್ರಾರಂಭಿಸಬೇಕು. 200 ಲೀಟರು ನೀರೆಂದರೆ 200 ಕಿಲೊ ಭಾರ. ಅದನ್ನು ಕಲ್ಲಿನ ಕಟ್ಟೆಯ ಮೇಲೆ ಹೇರದೆ ನೆಲದ ಮೇಲೆಯೇ, ಸಿಂಕಿನ ಸಮೀಪದಲ್ಲಿ, ಮುಚ್ಚಳ ತೆರೆಯಲು ಸಾಕಷ್ಟು ಎಡೆ ಬಿಟ್ಟು ಇಡಬೇಕು. ಈ ಜಾಗವನ್ನು ಮರೆತು ಮೂಲೆಯಿಂದ ಮೂಲೆಗೆ ಕಪಾಟು ತುಂಬಿದವರ ಮನೆಯಲ್ಲಿ ಪೀಪಾಯಿಯು ನಡುದಾರಿಯಲ್ಲಿ ನಿಂತಿರುತ್ತದೆ.

ಬಾಡಿಗೆಯ ಮನೆಯಲ್ಲಿರುವವರಿಗೆ

‘ಮನೆ ನಮ್ಮದಲ್ಲ, ಕಟ್ಟೆ ಮುಟ್ಟಿದರೆ ಒಡೆಯ ಹೊರಗೆ ಹಾಕಿಯಾನು’ ಎಂಬ ಭಯ ಅನೇಕರಿಗಿದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನಿನ 16ನೆಯ ಕಲಮಿನ ಪ್ರಕಾರ, ಒಡೆಯನ ಲಿಖಿತ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಕಟ್ಟಿದ ಬಾಡಿಗೆದಾರನನ್ನು ತೆರವು ಮಾಡಿಸಲು ಒಡೆಯನಿಗೆ ಅವಕಾಶವಿದೆ. ಆದರೆ ಅದೇ ಕಲಮಿನ ವಿವರಣೆಯಲ್ಲಿ, ಅವಶ್ಯವಿದ್ದಲ್ಲಿ ನಗರಸಭೆಯ ಅನುಮತಿ ಪಡೆದು ಮಾಡಿದ ಕೆಲವು ಕೆಲಸಗಳು ಶಾಶ್ವತ ಕಟ್ಟಡವೆನಿಸುವುದಿಲ್ಲವೆಂದು ಹೇಳಿದೆ. ಮರದ ಅಡ್ಡಗೋಡೆ, ಗಾಳಿಗಾಗಿ ತೆರೆದ ಕಿಟಕಿ, ಹೊಗೆಯ ಕೊಳವೆ ಮುಂತಾದವುಗಳ ಜೊತೆಗೆ ಅಡಿಗೆಮನೆಯಲ್ಲಿ ನಿಂತು ಅಡಿಗೆ ಮಾಡುವ ಕಟ್ಟೆಯನ್ನೂ ಆ ಪಟ್ಟಿಯಲ್ಲಿ ಹೆಸರಿಸಲಾಗಿದೆ. ನೆಲದ ಮೇಲೆ ಕುಳಿತು ಹೊಗೆ ಕುಡಿಯುತ್ತ ಬೇಯಿಸುವ ಕಷ್ಟದಿಂದ ಎದ್ದು ನಿಲ್ಲುವುದು ಹೆಂಗಸರ ನ್ಯಾಯವಾದ ಆವಶ್ಯಕತೆಯೆಂದು ಕಾನೂನು ಮಾಡಿದವರೂ ಒಪ್ಪಿಕೊಂಡಿದ್ದಾರೆ ಎಂಬುದು ಸಮಾಧಾನದ ಸಂಗತಿ.

ಇನ್ನೊಂದು ಮಾತು. ಮನೆಯನ್ನು ಸುಸ್ಥಿತಿಯಲ್ಲಿಡುವುದು ಒಡೆಯನ ಕರ್ತವ್ಯವೆಂದು 14ನೆಯ ಕಲಮು ಹೇಳುತ್ತದೆ. ಕನಿಷ್ಠ 15 ದಿನಗಳ ನೋಟೀಸು ಕೊಟ್ಟ ಮೇಲೂ ಒಡೆಯನು ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರನು ತಾನೇ ಮಾಡಿಸಿ, ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಒಂದು ವರ್ಷದಲ್ಲಿ ಹೀಗೆ ಮುರಿದುಕೊಳ್ಳುವ ಮೊತ್ತ ಆ ವರ್ಷದ ಬಾಡಿಗೆಯ ನಾಲ್ಕನೆಯ ಒಂದಂಶವನ್ನು ಮೀರಬಾರದು. ಇವೆಲ್ಲ ಬಾಡಿಗೆದಾರರ ಮಾತು. ಇಂದು ಹೆಚ್ಚಾಗಿ ನಡೆಯುವ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನವರಿಗೆ ಈ ರಕ್ಷಣೆ ಇಲ್ಲ. ಅವರಿಗೆ ಕರಾರಿನ ಕಾಗದವೇ ಕಾನೂನು. ಅಂತಹವರು ಒಡೆಯನಿಂದ ಎರಡು ಸಾಲಿನ ಒಪ್ಪಿಗೆಯನ್ನು ಬರೆಯಿಸಿಕೊಂಡೇ ಕಲ್ಲು ಮುಟ್ಟಬೇಕು. ಬಿಡುವಾಗ ಹೊತ್ತೊಯ್ಯಬಹುದಾದ ಸ್ಟೀಲು ಮೇಜು, ಮಾಂಡಣಿ, ಬಿಡಿ ಕಪಾಟುಗಳಿಗೆ ಹಣ ಹಾಕುವುದು ಅವರಿಗೆ ಇನ್ನೂ ಮೇಲು.

ಹಣದ ಲೆಕ್ಕ

ಕೈಯಲ್ಲಿ 25,000 ರೂಪಾಯಿ ಇದೆಯೆಂದಿಟ್ಟುಕೊಳ್ಳೋಣ. ದರಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬೇರೆಯಾಗುವುದರಿಂದ ಇಲ್ಲಿ ನಾವು ಹೇಳುವುದು ಪ್ರಮಾಣವನ್ನು ಮಾತ್ರ. ನಲ್ಲಿ, ಸಿಂಕು, ನೀರು ಹೋಗುವ ಕೊಳವೆಗೆ 5,000. ಕಟ್ಟೆಯ ಕಲ್ಲಿಗೂ ಕೂಲಿಗೂ 8,000. ಕದ, ಹಲಗೆ, ಬಿಜಾಗರಿಗಳಿಗೆ 7,000. ಬಣ್ಣಕ್ಕೂ ಕೆಲಸದ ಜಾಗದ ಮೇಲೆ ಬೀಳುವ ಒಂದು ಒಳ್ಳೆಯ ದೀಪಕ್ಕೂ 2,000. ಉಳಿದ 3,000ವನ್ನು ಮುಟ್ಟದೆ ಇಡಬೇಕು. ಗೋಡೆ ಕೆದಕಿದಾಗ ತುಕ್ಕುಹಿಡಿದ ಕೊಳವೆ ಸಿಗುವುದು ಅಪರೂಪವಲ್ಲ. ನೀರಿನ ಕೆಲಸವೇ ಮೊದಲು ಮುಗಿಯಬೇಕು. ಸೋರುವ ಕೊಳವೆಯ ಮೇಲೆ ಹೊಸ ಕಪಾಟು ಕೂರಿಸುವುದು ತೂತು ಕೊಡಕ್ಕೆ ಬೆಳ್ಳಿಯ ಮುಚ್ಚಳ ಮಾಡಿಸಿದಂತೆ.

ಅದೇ ಗೃಹಸ್ಥನು ಒಂದು ಲಕ್ಷದ ಹೊಸ ಅಡಿಗೆಮನೆಗೆ ಮನಸೋತು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದರೆ ತಿಂಗಳ ಬಡ್ಡಿಯೇ 2,000, ವರ್ಷಕ್ಕೆ 24,000. ಹಳೆಯ ಅಡಿಗೆಮನೆಯನ್ನು ಜೀರ್ಣೋದ್ಧಾರ ಮಾಡಲು ಸಾಕಾಗುತ್ತಿದ್ದ ಹಣ ಒಂದೇ ವರ್ಷದಲ್ಲಿ ಬಡ್ಡಿಯಾಗಿ ಹರಿದುಹೋಗುತ್ತದೆ, ಅಸಲು ನಿಂತಲ್ಲೇ ನಿಂತಿರುತ್ತದೆ. ಊರಿಗೆ ಕಳುಹಿಸಬೇಕಾದ ಮನಿಆರ್ಡರು, ಮಕ್ಕಳ ಶಾಲೆಯ ಶುಲ್ಕ, ತಂದೆತಾಯಿಯರ ಔಷಧಿ ಇವುಗಳಿಂದ ಕಿತ್ತುಕೊಂಡ ಹಣದಲ್ಲಿ ಹೊಳೆಯುವ ಕಪಾಟಿನ ಮುಂದೆ ನಿಂತು ಯಾರು ತಾನೆ ನೆಮ್ಮದಿಯಿಂದ ಅಡಿಗೆ ಮಾಡಿಯಾರು?

ಕೈಯಲ್ಲಿ ಹಣವೇ ಇಲ್ಲದವರು ಹತ್ತು ಮಂದಿ ಬಲ್ಲವರು ಕೂಡಿ, ಮರಾಠಿಯವರು ‘ಭಿಶಿ’ ಎನ್ನುವ ಚೀಟಿಯನ್ನು ಕಟ್ಟಬಹುದು. ತಲೆಗೆ ತಿಂಗಳಿಗೆ 2,500ರಂತೆ ಹಾಕಿದರೆ ತಿಂಗಳಿಗೊಂದು ಮನೆಗೆ ಬಡ್ಡಿಯಿಲ್ಲದೆ 25,000 ಸಿಗುತ್ತದೆ. ಹತ್ತು ತಿಂಗಳಲ್ಲಿ ಹತ್ತು ಅಡಿಗೆಮನೆಗಳು ನೆಟ್ಟಗಾಗುತ್ತವೆ. ಮುಖಪರಿಚಯವಿಲ್ಲದವರ ಚೀಟಿಗೆ ಮಾತ್ರ ಕೈ ಹಾಕಬಾರದು.

ಗವಂಡಿಯೊಡನೆ ಮಾತಾಡುವಾಗ ಸಾಮಾನಿನ ಬೆಲೆಯನ್ನೂ ಕೂಲಿಯನ್ನೂ ಬೇರೆ ಬೇರೆಯಾಗಿ ಬರೆಯಿಸಬೇಕು. ಅಂಚು ತಿಕ್ಕುವುದು, ಸಿಂಕಿನ ರಂಧ್ರ ಕೊರೆಯುವುದು, ಚೂರುಗಳನ್ನು ಸಾಗಿಸುವುದು ಕೂಲಿಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಬೇಕು. ಪೂರ್ಣ ಹಣವನ್ನು ಮುಂಗಡವಾಗಿ ಕೊಡಬಾರದು. ಕೆಲಸ ಮುಗಿದ ಮೇಲೆ ಕೂಲಿಯನ್ನು ಕಾಯಿಸಲೂ ಬಾರದು. ನಾವೂ ಕೂಲಿಯ ಅನ್ನವನ್ನೇ ಉಣ್ಣುವವರು. ತಡವಾಗಿ ಬರುವ ಸಂಬಳದ ಸಂಕಟವನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ಕಟ್ಟೆಯ ಅರ್ಧ ಭಾಗವನ್ನು ಮೊದಲು, ಉಳಿದರ್ಧವನ್ನು ಅನಂತರ ಮಾಡಿಸಿದರೆ ಮನೆಯಲ್ಲಿ ಒಲೆ ಆರುವುದಿಲ್ಲ. ಯಜಮಾನನಿಗೆ ಹೋಟೆಲಿನಲ್ಲಿ ಊಟವಾದೀತು, ಹೆಂಡತಿ ಮಕ್ಕಳಿಗೂ ಆ ದಿನಗಳಲ್ಲಿ ಊಟ ಬೇಕಷ್ಟೆ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ಬಾರಿಯ ಬೋನಸ್ಸು ಕೈಗೆ ಬಂದಾಗ ಬೈಠಕ್ಕಿನ ಕೋಣೆಯ ಬಣ್ಣವನ್ನು ಒಂದು ವರ್ಷ ಮುಂದೂಡಿ, ಅಡಿಗೆಮನೆಯ ಸರದಿಯನ್ನು ಮುಂದೆ ತನ್ನಿ. ಅಳತೆಯ ಪಟ್ಟಿ ಹಿಡಿದು ಪೇಟೆಗೆ ಹೊರಡುವ ಮುನ್ನ ಒಂದು ಹೊತ್ತಿನ ಅಡಿಗೆಯನ್ನು ಆ ಕಟ್ಟೆಯ ಮುಂದೆ ನಿಂತು ನೀವೇ ಮಾಡಿ ನೋಡಿ. ಯಾವುದನ್ನು ಮೊದಲು ಸರಿಪಡಿಸಬೇಕೆಂಬುದನ್ನು ನಿಮ್ಮ ಸೊಂಟವೇ ಹೇಳೀತು.